ಲೈನ್‌ಮನೆಯ ಚಿಲಕ ಯಾರ ಕೈಯಲ್ಲಿದೆ?

ಎಲ್ಲಿಯಾದರೂ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರವಾದ ಸುದ್ದಿ ಬಂದರೆ ನಮ್ಮ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೂರು ಮಾತು ತಪ್ಪದೆ ಓಡಾಡುತ್ತವೆ. ಹೆಣ್ಣುಮಕ್ಕಳನ್ನು ಕತ್ತಲಾದ ಮೇಲೆ ಹೊರಗೆ ಕಳಿಸಬೇಡಿ. ಹೊರರಾಜ್ಯದಿಂದ ಬಂದ ಕೆಲಸಗಾರರ ಮೇಲೆ ಒಂದು ಕಣ್ಣಿಡಿ. ತಪ್ಪು ಮಾಡಿದವನನ್ನು ಗಲ್ಲಿಗೆ ಹಾಕಿ. ಎರಡು ದಿನ ಕಳೆದರೆ ಅದೇ ಗುಂಪಿನಲ್ಲಿ ರೊಬಸ್ಟಾ ಚೆರಿಯ ದರ, ಯಾರ ತೋಟಕ್ಕೆ ಆನೆ ನುಗ್ಗಿತು, ಎಷ್ಟು ಇಂಚು ಮಳೆಯಾಯಿತು ಎಂಬ ಮಾತು ಶುರುವಾಗಿರುತ್ತದೆ.

ನಾನು ಕೊಡಗಿನ ಗಾಳಿಬೀಡಿನವಳು. ಒಂದಿಷ್ಟು ಕಾಫಿ, ಅದರ ನಡುವೆ ಏಲಕ್ಕಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು ನನ್ನ ಬದುಕು. ಒಂದು ಅವಧಿಗೆ ಪಂಚಾಯಿತಿ ಸದಸ್ಯೆಯಾಗಿದ್ದೆ. ಶನಿವಾರ ಬಟವಾಡೆ ಮಾಡುವವಳೂ ನಾನೇ, ಕುಯಿಲಿನ ದಿನ ಹೆಣ್ಣಾಳುಗಳ ಜೊತೆ ಸಾಲಿನಲ್ಲಿ ನಿಂತು ಹಣ್ಣು ಬಿಡಿಸುವವಳೂ ನಾನೇ. ಎರಡೂ ಕಡೆಯ ಮಾತು ಕಿವಿಗೆ ಬಿದ್ದಿರುವುದರಿಂದ ಹೇಳುತ್ತೇನೆ: ಮೇಲಿನ ಮೂರು ಮಾತಿನಿಂದ ಒಬ್ಬ ಹೆಣ್ಣೂ ಉಳಿಯುವುದಿಲ್ಲ. ಮೊದಲನೆಯದು ಅವಳನ್ನೇ ಕೂಡಿಹಾಕುತ್ತದೆ. ಎರಡನೆಯದು ಬೆರಳನ್ನು ನಮ್ಮ ಅಂಗಳದಿಂದಾಚೆಗೆ ತಿರುಗಿಸುತ್ತದೆ. ಮೂರನೆಯದು ಎಲ್ಲ ಮುಗಿದ ಮೇಲಿನ ಮಾತು. ಲೈಂಗಿಕ ಹಿಂಸೆಯನ್ನು ಅದು ನಡೆಯುವ ಮೊದಲೇ ತಡೆಯಬೇಕಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಒಬ್ಬ ಹೆಂಗಸು ‘ಬೇಡ’ ಎಂದರೆ ಮಾರನೆಯ ದಿನ ಅವಳು ಏನೇನು ಕಳೆದುಕೊಳ್ಳುತ್ತಾಳೆ?

ಕೊಡಗಿನ ಲೈನ್‌ಮನೆಯನ್ನು ನೋಡದವರಿಗೆ ಸ್ವಲ್ಪ ವಿವರಿಸಬೇಕು. ಒಂದೇ ಉದ್ದನೆಯ ಕಟ್ಟಡ, ಮೇಲೆ ಹೆಂಚು ಅಥವಾ ಶೀಟು, ಸಾಲಾಗಿ ಬಾಗಿಲುಗಳು. ಒಂದು ಬಾಗಿಲಿಗೆ ಒಂದು ಕುಟುಂಬ. ಒಳಗೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಸ್ನಾನಕ್ಕೆ ಹಿಂದುಗಡೆ ಪ್ಲಾಸ್ಟಿಕ್ ಕಟ್ಟಿದ ಮರೆ. ಶೌಚಾಲಯ ಕೆಲವು ಕಡೆ ನಿಜವಾಗಿಯೂ ಇದೆ, ಕೆಲವು ಕಡೆ ಕಾಗದದಲ್ಲಿದೆ. ಚೆನ್ನಾಗಿ ಕಟ್ಟಿಸಿ ನೀರು, ದೀಪ ಕೊಟ್ಟಿರುವ ತೋಟಗಳೂ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಒಳ್ಳೆಯ ಮನೆಯಿರಲಿ, ಕೆಟ್ಟ ಮನೆಯಿರಲಿ, ಒಂದು ವಿಷಯದಲ್ಲಿ ಎರಡೂ ಒಂದೇ. ಮನೆ ಸಾಹುಕಾರರದು. ಕರೆಂಟು ಅವರ ಮೀಟರಿನದು, ನೀರು ಅವರ ಟ್ಯಾಂಕಿನದು. ಅಂಗಡಿಯಲ್ಲಿ ಅಕ್ಕಿ ಸಾಲ ಸಿಗುವುದು ಅವರ ಹೆಸರು ಹೇಳಿದರೆ. ಆಸ್ಪತ್ರೆಗೆ ಓಡಬೇಕಾದರೆ ಜೀಪು ಅವರದು. ಗಂಡ ತಂದುಕೊಂಡ ಮುಂಗಡ ಅವರ ಪುಸ್ತಕದಲ್ಲಿದೆ. ಆಧಾರ್, ರೇಷನ್ ಕಾರ್ಡುಗಳಲ್ಲಿರುವ ವಿಳಾಸವೂ ಅವರ ತೋಟದ್ದೇ. ಕೆಲವೆಡೆ ಆ ಕಾರ್ಡುಗಳೇ ‘ಭದ್ರವಾಗಿರಲಿ’ ಎಂದು ರೈಟರರ ಬೀರುವಿನಲ್ಲಿರುತ್ತವೆ.

ಇಷ್ಟೆಲ್ಲ ಒಂದೇ ಕೈಯಲ್ಲಿರುವಾಗ ರಾತ್ರಿ ಬಾಗಿಲು ತಟ್ಟಿದವನಿಗೆ ತೆರೆಯದೆ ಕೂರುವ ಧೈರ್ಯ ಎಲ್ಲಿಂದ ಬರಬೇಕು? ತಟ್ಟುವವನು ಸಾಹುಕಾರನೇ ಆಗಬೇಕಿಲ್ಲ. ಹಾಜರಿ ಬರೆಯುವ ರೈಟರ್ ಆಗಬಹುದು, ಯಾರಿಗೆ ಯಾವ ಸಾಲು ಎಂದು ಹಂಚುವ ಮೇಸ್ತ್ರಿ ಆಗಬಹುದು, ಕೆಲಸಗಾರರನ್ನು ತುಂಬಿಕೊಂಡು ಬರುವ ಜೀಪಿನವನಾಗಬಹುದು, ರಜೆಗೆ ಊರಿಗೆ ಬಂದ ಮಗನಾಗಬಹುದು. ಅವಳದೇ ಜನದ, ಪಕ್ಕದ ಬಾಗಿಲಿನ ಗಂಡಸೂ ಆಗಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷ ಹೇಳುತ್ತಿರುವುದೂ ಇದನ್ನೇ: ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಆ ಹೆಣ್ಣಿಗೆ ಮೊದಲೇ ಗೊತ್ತಿದ್ದವನು. ಗುರುತಿಲ್ಲದವನಿಗೆ ಹೆದರಿ ನಾವು ಗೇಟಿಗೆ ಬೀಗ ಹಾಕುತ್ತೇವೆ. ಗುರುತಿರುವವನು ಗೇಟಿನ ಒಳಗೇ ಇರುತ್ತಾನೆ.

ಕೆಲವು ವರ್ಷಗಳ ಹಿಂದೆ ಬೇರೆ ಕಡೆಯಿಂದ ಕುಯಿಲಿಗೆ ಬಂದ ಒಬ್ಬಳು ಬುಟ್ಟಿಯ ಹಣ್ಣನ್ನು ಚೀಲಕ್ಕೆ ಸುರಿಯುತ್ತ ತನ್ನ ಹಳೆಯ ತೋಟದ ಮಾತು ತೆಗೆದಳು. ಹೆಸರು ಹೇಳಲಿಲ್ಲ. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ಹೇಳಿದ್ರೆ ಪಾತ್ರೆ ಪಡಗ ರಸ್ತೆಗೆ ಬೀಳ್ತಿತ್ತಕ್ಕಾ. ಆ ಮಳೇಲಿ ಮಕ್ಕಳನ್ನ ಎಲ್ಲಿ ಮಲಗಿಸ್ಲಿ?” ಎಂದಳು. ಗಾಳಿಬೀಡಿನ ಆಷಾಢವನ್ನು ಬಲ್ಲವರಿಗೆ ಆ ಪ್ರಶ್ನೆಯ ತೂಕ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಗಲು ಎಂಬುದು ಹೆಸರಿಗೆ. ಕರೆಂಟು ಹೋದರೆ ಯಾವಾಗ ಬರುತ್ತದೋ ತಿಳಿಯದು, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಮಡಿಕೇರಿ ಹತ್ತಿರವೇ ಆದರೂ ಕೊನೆಯ ಬಸ್ಸು ಹೋದ ಮೇಲೆ ಅದು ಬೇರೆ ದೇಶ. ಅಂಥ ಕಡೆ 112 ಎಂಬ ತುರ್ತು ಸಂಖ್ಯೆಯನ್ನು ಗೋಡೆಗೆ ಅಂಟಿಸಿ ಹೆಣ್ಣನ್ನು ಕಾಪಾಡಿದೆವು ಎನ್ನುವುದು ನಮ್ಮ ಸಮಾಧಾನಕ್ಕೆ ಮಾತ್ರ.

2018ರ ಆಗಸ್ಟ್‌ನಲ್ಲಿ ಬೆಟ್ಟ ಜರಿದಾಗ ಮೊಣ್ಣಂಗೇರಿ, ಕಾಲೂರು, ಮಕ್ಕಂದೂರಿನ ಕಡೆಯವರೆಲ್ಲ ಒಂದೇ ರಾತ್ರಿಯಲ್ಲಿ ನಿರಾಶ್ರಿತರಾದೆವು. ಭೂಮಿಯಿದ್ದವರು, ಇಲ್ಲದವರು ಒಂದೇ ಸಭಾಂಗಣದಲ್ಲಿ ಮಲಗಿದೆವು. ಆದರೆ ಪರಿಹಾರದ ಅರ್ಜಿ ಬರೆಯುವ ಹೊತ್ತಿಗೆ ಗೆರೆ ಮತ್ತೆ ಎದ್ದು ಕಂಡಿತು. ನಮ್ಮಲ್ಲಿ ಪಹಣಿ ಇತ್ತು, ಮನೆ ತೆರಿಗೆಯ ರಸೀದಿ ಇತ್ತು. ಲೈನ್‌ಮನೆಯಲ್ಲಿದ್ದವರಿಗೆ ‘ಇದು ನನ್ನ ಮನೆಯಾಗಿತ್ತು’ ಎಂದು ತೋರಿಸಲು ಏನಿತ್ತು? ದಾಖಲೆಯಿಲ್ಲದ ಮನೆಯಿಂದ ಮಣ್ಣು ಎಬ್ಬಿಸಬಹುದು, ಮನುಷ್ಯನೂ ಎಬ್ಬಿಸಬಹುದು.

ಈ ಅವಲಂಬನೆ ಕಾಫಿಗಿಂತ ಹಳೆಯದು. 1834ರಲ್ಲಿ ಹಾಲೇರಿ ಅರಸರ ಕೈಯಿಂದ ಕೊಡಗು ಇಂಗ್ಲಿಷರ ಕೈಗೆ ಹೋಯಿತು. ಆ ಕಾಲದ ಕೊಡಗನ್ನು ಕುರಿತ ಹಳೆಯ ಬರಹಗಳಲ್ಲಿ ಎರಡು ಬಗೆಯ ಆಳುಗಳ ಲೆಕ್ಕ ಸಿಗುತ್ತದೆ: ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು. ಮೊದಲನೆಯವರು ಜಮೀನಿಗೆ ಅಂಟಿಕೊಂಡವರು, ಎರಡನೆಯವರು ಒಡೆಯನ ಮನೆಗೆ ಸೇರಿದವರು. ಈ ಎರಡನೆಯವರನ್ನು ಮಾರಲೂ ಬಹುದಿತ್ತು. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆಯಿತು. 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದರು. ತೋಟಗಳು ಬೆಳೆದಂತೆ ದುಡಿಮೆಗೆ ಕೈ ಬೇಕಾಯಿತು, ಆ ಕೈಗಳಿಗೆ ಲೈನುಗಳು ಎದ್ದವು, ಮುಂಗಡದ ಪುಸ್ತಕ ಬಂತು. 1976ರಲ್ಲಿ ಜೀತ ನಿಷೇಧದ ಕಾಯ್ದೆಯೂ ಬಂತು. ಎರವರು, ಪಣಿಯ ಎರವರು, ಜೇನು ಕುರುಬರು, ಬೆಟ್ಟ ಕುರುಬರು, ಹೊಲೆಯರು, ಈಗ ಅಸ್ಸಾಮಿನಿಂದ ಬಂದವರು. ಲೈನಿನ ಬಾಗಿಲಲ್ಲಿ ಮುಖಗಳು ಬದಲಾಗಿವೆ. ಬಾಗಿಲಿನ ಒಡೆತನ ಬದಲಾಗಿಲ್ಲ.

2016ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯದ ಜಾಗವೆಂದು ಕಿತ್ತೆಸೆದದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಅಲ್ಲಿ ಗುಡಿಸಲು ಹಾಕಿದ್ದವರಲ್ಲಿ ಬಹಳ ಮಂದಿ ಲೈನ್‌ಮನೆ ಬಿಟ್ಟು ಬಂದವರು. ಹೋರಾಟದ ಮುಂದಿನ ಸಾಲಿನಲ್ಲಿ ಹೆಂಗಸರಿದ್ದರು. ಕೊನೆಗೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆ ಕೊಡಲಾಯಿತು. ನಾವು ಬೆಳೆಗಾರರು ಅದನ್ನು ಭೂಮಿಯ ಜಗಳವೆಂದು ಓದಿದೆವು. ಕೆಲವರು ತೋಟಕ್ಕೆ ಆಳು ತಪ್ಪಿತೆಂದು ಗೊಣಗಿದರು. ಚಳಿಯಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟು ಕೂತ ಆ ಹೆಂಗಸರು ಒಂದು ತುಂಡು ಜಾಗಕ್ಕಾಗಿ ಅಷ್ಟು ಹಟ ಹಿಡಿದದ್ದು ಯಾಕೆ ಎಂದು ಹೆಣ್ಣಾಗಿ ಯೋಚಿಸಿದರೆ ಬೇರೆಯದೂ ಕಾಣುತ್ತದೆ. ಒಳಗಿನಿಂದ ಚಿಲಕ ಹಾಕಿಕೊಂಡ ಮೇಲೆ ಹೊರಗಿನವರು ಯಾರೂ ‘ಇದು ನನ್ನ ಮನೆ, ತೆಗಿ’ ಎನ್ನಲಾಗದ ಒಂದು ಬಾಗಿಲು ಅವರಿಗೆ ಬೇಕಿತ್ತು. ನಿವೇಶನದ ಹಕ್ಕುಪತ್ರ ಕೂಡ ಅತ್ಯಾಚಾರ ತಡೆಯುವ ಸಾಧನವೇ.

ಹಿಡಿತದ ಅಡಿಯ ಮೌನ ಒಪ್ಪಿಗೆಯಲ್ಲ ಎಂಬುದು ಕಾನೂನಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೆ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರು ಎಸಗಿದ ಕೃತ್ಯದ ಮೊಕದ್ದಮೆ 1978ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂಬ ಕಾರಣಕ್ಕೆ ಅದನ್ನು ಒಪ್ಪಿಗೆಯೆಂದು ತಿಳಿದು ಆರೋಪಿಗಳನ್ನು ಬಿಡಲಾಯಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮತ್ತು ಅವರ ಇಬ್ಬರು ಸಂಗಡಿಗರು 1979ರಲ್ಲಿ ಕೋರ್ಟಿಗೆ ಬಹಿರಂಗ ಪತ್ರ ಬರೆದು, ಠಾಣೆಯೊಳಗೆ ಪೊಲೀಸರ ಮುಂದೆ ನಿಂತ ಬಡ ಹುಡುಗಿಯ ಮೌನವನ್ನು ಒಪ್ಪಿಗೆಯೆಂದು ಓದುವುದು ಹೇಗೆ ಎಂದು ಕೇಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಣ್ಣಿನ ಮೇಲೆ ಹಿಡಿತ ಅಥವಾ ಪ್ರಾಬಲ್ಯ ಇರುವ ಸ್ಥಾನದಲ್ಲಿದ್ದು ಅತ್ಯಾಚಾರ ಮಾಡುವವನಿಗೆ ಕನಿಷ್ಠ 10 ವರ್ಷದ ಸೆರೆ ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಹಾಗೆಯೇ ಇದೆ. ಕೂಲಿ, ಮನೆ, ಸಾಲ ಮೂರನ್ನೂ ಕೊಡುವವನಿಗಿಂತ ಹೆಚ್ಚಿನ ಹಿಡಿತ ಯಾರಿಗಿರುತ್ತದೆ?

ಆ ಹಿಡಿತ ಹೇಗಿರುತ್ತದೆ ಎಂಬುದನ್ನು ಕರ್ನಾಟಕ ಈಚೆಗಷ್ಟೇ ನೋಡಿದೆ. 2025ರ ಆಗಸ್ಟ್ 1ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಅತ್ಯಾಚಾರ ಪ್ರಕರಣದಲ್ಲಿ ದೋಷಿ ಎಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ. ದೂರು ಕೊಟ್ಟಾಕೆ ಆ ಕುಟುಂಬದ ಮನೆಯಲ್ಲಿ, ತೋಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ರಾಜ್ಯದ ದೊಡ್ಡ ರಾಜಕೀಯ ಮನೆತನದ ಎದುರು ಕೆಲಸದಾಕೆಯೊಬ್ಬಳು ಸಾಕ್ಷಿ ಹೇಳಿ ನಿಂತಳಲ್ಲ, ಅದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂದು ತೋಟದ ಬದುಕು ಬಲ್ಲ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಪ್ರತಿಯೊಬ್ಬ ಕೂಲಿ ಹೆಂಗಸಿನಿಂದಲೂ ಅಂಥ ಎದೆಗಾರಿಕೆಯನ್ನು ಕೇಳುವ ಊರು ನ್ಯಾಯವಾದ ಊರಲ್ಲ. ಸಾಧಾರಣ ಧೈರ್ಯ ಇದ್ದವಳಿಗೂ ಬಾಯಿ ಬಿಡಲು ಆಗಬೇಕು.

ಅದಕ್ಕೊಂದು ಕಾನೂನಿನ ದಾರಿ ಈಗಾಗಲೇ ಇದೆ, ನಮ್ಮ ಜಿಲ್ಲೆಯಲ್ಲಿ ಅದರ ಮೇಲೆ ಹುಲ್ಲು ಬೆಳೆದಿದೆ ಅಷ್ಟೆ. 1992ರಲ್ಲಿ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಕಾರ್ಯಕರ್ತೆ, ಕುಂಬಾರ ಜಾತಿಯ ಭಂವರಿ ದೇವಿಯ ಮೇಲೆ ಮೇಲ್ಜಾತಿಯವರು ಸಾಮೂಹಿಕ ಅತ್ಯಾಚಾರ ಮಾಡಿದರು. ಆ ಘಟನೆಯಿಂದ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಬಂತು, ಅದರಿಂದ 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂತು. ಹಳ್ಳಿಯ ಬಡ ಹೆಂಗಸಿನ ನೋವಿನಿಂದ ಹುಟ್ಟಿದ ಕಾಯ್ದೆ ಇಂದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ತರಬೇತಿಯ ವಿಡಿಯೊ ಆಗಿ ಓಡುತ್ತಿದೆ. ತೋಟಕ್ಕೆ ಇಳಿದಿಲ್ಲ.

ಇಳಿಯಲು ಅಡ್ಡಿಯೇನೂ ಇಲ್ಲ. 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಮಾಡದಿದ್ದರೆ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ನನ್ನಂಥ ಸಣ್ಣ ಹಿಡುವಳಿದಾರರೇ ಕಾಫಿಯಲ್ಲಿ ಬಹುಪಾಲು. ಎಷ್ಟೋ ತೋಟಗಳಲ್ಲಿ ಅಷ್ಟು ಆಳು ಇರುವುದಿಲ್ಲ. ಅಂಥ ತೋಟದವರಿಗೆ, ಮನೆಗೆಲಸದವರಿಗೆ, ಮಾಲೀಕನ ಮೇಲೆಯೇ ದೂರು ಇರುವವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ. ದೂರು ತೆಗೆದುಕೊಂಡು 7 ದಿನದೊಳಗೆ ಆ ಸಮಿತಿಗೆ ಮುಟ್ಟಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ. ಸಮಿತಿಯಲ್ಲಿ ಪರಿಶಿಷ್ಟ, ಹಿಂದುಳಿದ ಅಥವಾ ಅಲ್ಪಸಂಖ್ಯಾತ ಸಮುದಾಯದ ಒಬ್ಬ ಮಹಿಳೆಯಾದರೂ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಈ ಸಮಿತಿಗಳನ್ನು ಕಾಗದದಿಂದ ನೆಲಕ್ಕೆ ಇಳಿಸಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಒಮ್ಮೆ, 2024ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಹೇಳಿದೆ. ಕೊಡಗಿನ ಯಾವುದೇ ಲೈನ್‌ಮನೆಯ ಬಾಗಿಲಲ್ಲಿ ನಿಂತು ಸ್ಥಳೀಯ ಸಮಿತಿಯ ಬಗ್ಗೆ ಕೇಳಿ ನೋಡಿ. ನಮ್ಮ ಬೆಳೆಗಾರರ ಸಭೆಯಲ್ಲಿ ಕೇಳಿದರೂ ಆಗುತ್ತದೆ, ಉತ್ತರ ಒಂದೇ: ಗೊತ್ತಿಲ್ಲ.

ಸಮಿತಿಯಲ್ಲಿ ಯಾರು ಕೂತಿದ್ದಾರೆ ಎಂಬುದು ಕೂಡ ಸಣ್ಣ ಮಾತಲ್ಲ. ಎರವ ಹೆಂಗಸಿನ ಮನೆಮಾತು ಎರವ. ಅಸ್ಸಾಮಿನವಳಿಗೆ ಬರುವುದು ಅಸ್ಸಾಮಿ ಇಲ್ಲವೇ ಬಂಗಾಳಿ, ಜೊತೆಗೆ ಮುರುಕು ಹಿಂದಿ. ಠಾಣೆಯಲ್ಲಿ ಹೇಳಿಕೆ ಬರೆಯುವುದು ಕನ್ನಡದಲ್ಲಿ. ನಡುವೆ ಅನುವಾದಕ್ಕೆ ಸಿಗುವವನು ಯಾರು? ಬಹಳ ಸಲ ಅದೇ ತೋಟದ ಮೇಸ್ತ್ರಿ. ಹೊರರಾಜ್ಯದವಳಾದರೆ ದೂರು ಕೇಳುವ ಮೊದಲು ಗುರುತಿನ ಚೀಟಿ ಕೇಳುತ್ತಾರೆ, ನೀನು ನಿಜವಾಗಿ ಎಲ್ಲಿಯವಳು ಎನ್ನುತ್ತಾರೆ. ಬಲಿಯಾದವಳು ಅರ್ಧ ದಾರಿಯಲ್ಲಿ ತಾನೇ ಆರೋಪಿಯಾದಂತೆ ಆಗಿ ವಾಪಸು ಬರುತ್ತಾಳೆ. ಇದನ್ನು ನೋಡಿದ ಇನ್ನೊಬ್ಬಳು ಹೊರಡುವುದೇ ಇಲ್ಲ. ನಾವು ವಾಟ್ಸ್ಆ್ಯಪ್‌ನಲ್ಲಿ ಅಸ್ಸಾಮಿನವರ ಮೇಲೆ ಕಣ್ಣಿಡಿ ಎಂದು ಬರೆದಷ್ಟೂ ಅಸ್ಸಾಮಿನ ಹೆಣ್ಣಿನ ಮೇಲೆ ಕೈಹಾಕುವವನಿಗೆ ಸಲೀಸಾಗುತ್ತದೆ, ಅವಳ ಮಾತನ್ನು ನಂಬುವವರು ಅಷ್ಟರಮಟ್ಟಿಗೆ ಕಡಿಮೆಯಾದರಲ್ಲ.

ಒಬ್ಬ ಹೆಣ್ಣಿನ ಮೇಲೆ ಹಲವು ಭಾರ ಒಟ್ಟಿಗೇ ಬೀಳುತ್ತವೆ ಎಂಬುದನ್ನು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 27ರ ಒಂದು ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಅದು ಆಂಧ್ರದ, ಹುಟ್ಟಿನಿಂದ ಕಣ್ಣು ಕಾಣದ ದಲಿತ ಯುವತಿಯ ಪ್ರಕರಣ. ಅತ್ಯಾಚಾರ ಮಾಡಿದವನು ಮನೆಗೆ ಬಂದು ಹೋಗುತ್ತಿದ್ದ, ಅವಳ ಅಣ್ಣಂದಿರಿಗೆ ಪರಿಚಿತ. ಅವಳು ಹೆಣ್ಣು, ದಲಿತೆ, ಅಂಗವಿಕಲೆ ಎಂಬುದನ್ನು ಮೂರು ಬೇರೆ ಬೇರೆ ಲೆಕ್ಕವಾಗಿ ನೋಡಿದರೆ ಅವಳಿಗೆ ಆದದ್ದು ಅರ್ಥವಾಗದು ಎಂದಿತು ನ್ಯಾಯಪೀಠ. ಪೊಲೀಸರಿಗೂ ನ್ಯಾಯಾಧೀಶರಿಗೂ ತರಬೇತಿ ಕೊಡಲು ಸೂಚಿಸಿತು. ನಮ್ಮ ಲೈನುಗಳಲ್ಲೂ ಮಾತು ಬಾರದವರಿದ್ದಾರೆ, ಬುದ್ಧಿ ಸ್ವಲ್ಪ ನಿಧಾನ ಎಂದು ಮನೆಯಲ್ಲೇ ಬಿಟ್ಟು ಹೋಗುವ ಹುಡುಗಿಯರಿದ್ದಾರೆ, ಕೆಲಸಕ್ಕೆ ಹೋಗಲಾಗದ ಮುದುಕಿಯರಿದ್ದಾರೆ. ಊರಿನ ಯಾವ ಪಟ್ಟಿಯಲ್ಲೂ ಅವರ ಹೆಸರಿಲ್ಲದಿದ್ದರೂ ಕೆಟ್ಟ ಕಣ್ಣಿಗೆ ಅವರ ಮನೆಯ ದಾರಿ ಗೊತ್ತಿರುತ್ತದೆ.

ಹೀಗೆಲ್ಲ ಹೇಳಿದರೆ ನಮ್ಮವರೇ ಸಿಟ್ಟಾಗುತ್ತಾರೆ. ನೆರೆಯ ಮಾವನೊಬ್ಬರು, “ನೀನೂ ತೋಟದವಳೇ ಅಲ್ವಾ ಮಗಳೇ? ನಾಳೆ ಕೂಲಿ ಜಗಳಕ್ಕೆ ಸುಳ್ಳು ಕೇಸು ಹಾಕಿದ್ರೆ ಏನ್ಮಾಡ್ತಿ?” ಎಂದರು. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಉತ್ತರ ಮಾತ್ರ ಹೇಳುತ್ತೇನೆ. ಕೂಲಿ ಬ್ಯಾಂಕ್ ಖಾತೆಗೆ ಹೋದರೆ, ಮುಂಗಡದ ಲೆಕ್ಕದ ಒಂದು ಪ್ರತಿ ಅವರ ಕೈಯಲ್ಲೂ ಇದ್ದರೆ, ಕೆಲಸದ ಹೊತ್ತು ಮುಗಿದ ಮೇಲೆ ಯಾವ ಗಂಡಸೂ ಲೈನಿನ ಕಡೆ ಹೋಗಬಾರದೆಂಬ ಕಟ್ಟು ಇದ್ದರೆ, ದೂರನ್ನು ಕೇಳಲು ಸಮಿತಿ ಇದ್ದರೆ, ಸುಳ್ಳಿಗೆ ಜಾಗ ಕಡಿಮೆಯಾಗುತ್ತದೆ. ಲೆಕ್ಕ ಸರಿಯಿರುವ ತೋಟದವರಿಗೆ ಕಾಗದವೇ ರಕ್ಷೆ. ಎಲ್ಲವೂ ಬಾಯಿಮಾತಿನಲ್ಲಿ, ಕತ್ತಲಲ್ಲಿ ನಡೆಯಲಿ ಎನ್ನುವವರು ಭಯಪಡುತ್ತಿರುವುದು ಸುಳ್ಳಿಗೋ ನಿಜಕ್ಕೋ ಎಂದು ತಮ್ಮನ್ನೇ ಕೇಳಿಕೊಳ್ಳಲಿ.

ಇನ್ನೊಂದು ಮಾತು: ‘ನಮ್ಮ ಮನೆಯ ಮಕ್ಕಳ ಹಾಗೆ ನೋಡಿಕೊಳ್ಳುತ್ತೇವೆ.’ ಹಬ್ಬಕ್ಕೆ ಬಟ್ಟೆ, ಕಾಯಿಲೆಗೆ ಮದ್ದು, ಮದುವೆಗೆ ಸಹಾಯ ಎಲ್ಲ ನಿಜ. ಆದರೆ ಮನೆಯ ಮಗಳಿಗೆ ತೋಟದಲ್ಲಿ ಪಾಲು ಕೇಳುವ ಹಕ್ಕಿದೆ, ಜಗಳವಾಡಿ ಬಾಗಿಲು ದಡಾರನೆ ಹಾಕಿಕೊಳ್ಳುವ ಹಕ್ಕಿದೆ. ದಯೆಯ ಮೇಲೆ ಬದುಕುವವಳಿಗೆ ಆ ಎರಡೂ ಇಲ್ಲ. ದಯೆ ತೋರುವವರು ಒಳ್ಳೆಯವರಾಗಿರುವ ತನಕ ಅವಳು ಕ್ಷೇಮ. ಅವರ ಮುಂದಿನ ತಲೆಮಾರು ಹೇಗೋ ಯಾರು ಬಲ್ಲರು?

ದೂರದ ಒಂದು ಉದಾಹರಣೆ ನಮಗೆ ಹತ್ತಿರವಾಗಬಹುದು. ಅಮೆರಿಕದ ಫ್ಲೋರಿಡಾದಲ್ಲಿ ಇಮೊಕಲೀ ಎಂಬ ಊರು. ಟೊಮೆಟೊ ಹೊಲಗಳ ನಾಡು. ಮೆಕ್ಸಿಕೊ, ಗ್ವಾಟೆಮಾಲ, ಹೈಟಿಗಳಿಂದ ಬಂದ ವಲಸಿಗರು ಅಲ್ಲಿ ಹಣ್ಣು ಕೀಳುವವರು. ಮೇಸ್ತ್ರಿಗಳ ಲೈಂಗಿಕ ಕಿರುಕುಳ, ಕೂಲಿ ಮೋಸ, ಕೆಲವು ಕಡೆ ಅಪ್ಪಟ ಜೀತ ಅಲ್ಲಿ ಮಾಮೂಲಾಗಿತ್ತು. 1993ರಿಂದ ಸಂಘಟನೆ ಕಟ್ಟಿಕೊಂಡ ಕಾರ್ಮಿಕರು ಹೊಲದ ಒಡೆಯರನ್ನಷ್ಟೇ ಹಿಡಿಯದೆ ಟೊಮೆಟೊ ಕೊಳ್ಳುವ ದೊಡ್ಡ ಹೋಟೆಲ್, ಅಂಗಡಿ ಕಂಪನಿಗಳನ್ನು ಹಿಡಿದರು. 2011ರಿಂದ ಅಲ್ಲಿನ ಬಹುತೇಕ ಟೊಮೆಟೊ ಹೊಲಗಳಲ್ಲಿ ಜಾರಿಗೆ ಬಂದ ನಿಯಮಾವಳಿಯನ್ನು ಕಾರ್ಮಿಕರೇ ಕೂತು ರೂಪಿಸಿದ್ದರು. ಹೊಲದಲ್ಲಿ ಲೈಂಗಿಕ ದೌರ್ಜನ್ಯ ನಡೆದು ಒಡೆಯ ಕ್ರಮ ಕೈಗೊಳ್ಳದಿದ್ದರೆ ದೊಡ್ಡ ಕಂಪನಿಗಳು ಅವನ ಹಣ್ಣು ಕೊಳ್ಳುವುದಿಲ್ಲ. ದೂರಿಗೆ ದಿನದ 24 ಗಂಟೆಯೂ ಅವರ ಭಾಷೆಯಲ್ಲೇ ಫೋನು. ಅಲ್ಲಿ ಗಂಡಸರ ಮನಸ್ಸು ರಾತ್ರೋರಾತ್ರಿ ಬದಲಾಗಲಿಲ್ಲ. ಹಿಡಿತದ ತಕ್ಕಡಿ ಬದಲಾಯಿತು.

ನಮ್ಮ ಕಾಫಿಗೂ ಕೊಳ್ಳುವವರಿದ್ದಾರೆ. ಕಾಡು ಕಡಿದು ಬೆಳೆದದ್ದಲ್ಲವೆಂದು ತೋರಿಸಬೇಕೆಂಬ ಯುರೋಪಿನ ಹೊಸ ನಿಯಮಕ್ಕಾಗಿ ಬೆಳೆಗಾರರು ತೋಟದ ಮೂಲೆ ಮೂಲೆಯ ಅಕ್ಷಾಂಶ ರೇಖಾಂಶ ದಾಖಲಿಸುತ್ತಿದ್ದೇವೆ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊಡುವ ಜಿಲ್ಲೆ ಮರ ಎಣಿಸಿ ಕೊಡಬಲ್ಲದಾದರೆ, ಲೈನ್‌ಮನೆಗೆ ಒಳಚಿಲಕ ಇದೆಯೇ, ದೂರು ಕೇಳುವ ಸಮಿತಿ ಇದೆಯೇ ಎಂಬುದನ್ನೂ ಬರೆದು ಕೊಡಬಲ್ಲದು. ಕಾಫಿ ಮಂಡಳಿಯೂ ರಫ್ತುದಾರರೂ ಅದನ್ನು ಕೇಳುವಂತಾಗಬೇಕು.

ಗಂಡಸರ ಮಾತನ್ನೂ ಆಡಲೇಬೇಕು. ಉಗಾಂಡದ ಕಂಪಾಲಾದಲ್ಲಿ ‘ಸಾಸಾ’ ಎಂಬ ಕಾರ್ಯಕ್ರಮ ಊರಿನ ಗಂಡಸರು ಹೆಂಗಸರನ್ನೇ ಕಾರ್ಯಕರ್ತರನ್ನಾಗಿ ಮಾಡಿ, ಮನೆ ಮನೆಯಲ್ಲಿ ಅಧಿಕಾರ ಯಾರ ಕೈಯಲ್ಲಿದೆ, ಹೇಗೆ ಬಳಕೆಯಾಗುತ್ತಿದೆ ಎಂದು ಮಾತಾಡಿಸಿತು. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಬಡಾವಣೆಗಳಲ್ಲಿ ಸಂಗಾತಿಯ ಹೊಡೆತ ಬಡಿತ ಉಳಿದ ಕಡೆಗಿಂತ ಅರ್ಧದಷ್ಟು ಕಡಿಮೆ ಕಂಡಿತು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಜಾಗೃತಿ ಶಿಬಿರ ಮಾಡುತ್ತೇವೆ, ರೈಟರ್, ಮೇಸ್ತ್ರಿ, ಜೀಪಿನವರಿಗೆ ಯಾವತ್ತೂ ಮಾಡಿಲ್ಲ. ಹೋಮ್‌ಸ್ಟೇ ಮಾಲೀಕರಿಗೂ ಮಾಡಿಲ್ಲ. ಮಾಂದಲಪಟ್ಟಿಯ ಕಡೆ ಬರುವ ಪ್ರವಾಸಿಗರಿಗಾಗಿ ಗಾಳಿಬೀಡು ಸುತ್ತಮುತ್ತ ಎದ್ದಿರುವ ಹೋಮ್‌ಸ್ಟೇಗಳಲ್ಲಿ ಕೋಣೆ ಗುಡಿಸುವ ಹುಡುಗಿಯ ಕೈಯನ್ನು ಕುಡಿದ ಅತಿಥಿ ಹಿಡಿದರೆ, ‘ಗಿರಾಕಿ ತಪ್ಪುತ್ತಾರೆ, ಸುಮ್ಮನಿರು’ ಎನ್ನುವುದು ಕಾಯ್ದೆಯ ಪ್ರಕಾರ ಮಾಲೀಕನ ಕರ್ತವ್ಯಲೋಪ.

ಹಾಗಾದರೆ ನಮ್ಮ ಪಂಚಾಯಿತಿಯ ಮಟ್ಟದಲ್ಲಿ ಆಗುವಂಥದ್ದೇನು? ದೊಡ್ಡ ಹಣ ಬೇಡದ ಕೆಲಸಗಳನ್ನೇ ಹೇಳುತ್ತೇನೆ. ಪ್ರತಿ ಲೈನ್‌ಮನೆಗೆ ಒಳಗಿನಿಂದ ಗಟ್ಟಿ ಚಿಲಕ, ಬಾಗಿಲಿರುವ ಬಚ್ಚಲು, ಅಲ್ಲಿಗೆ ಹೋಗುವ ದಾರಿಗೆ ದೀಪ. ಹೆಂಗಸಿನ ಕೂಲಿ ಅವಳದೇ ಖಾತೆಗೆ, ಒಂದೇ ಕೆಲಸಕ್ಕೆ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ಕಾರ್ಡುಗಳು ಅವರವರ ಕೈಯಲ್ಲಿ. ದೂರು ಕೊಟ್ಟ ಕಾರಣಕ್ಕೆ ಯಾವ ಕುಟುಂಬವನ್ನೂ ಲೈನಿನಿಂದ ಎಬ್ಬಿಸುವುದಿಲ್ಲ ಎಂದು ಬೆಳೆಗಾರರು ಬರೆದುಕೊಡುವುದು. ನಿವೇಶನ ರಹಿತರ ಪಟ್ಟಿಯಲ್ಲಿ ಲೈನ್‌ಮನೆಯವರನ್ನು ಬಿಡದೆ ಸೇರಿಸಿ, ಹಕ್ಕುಪತ್ರವನ್ನು ಹೆಂಗಸಿನ ಹೆಸರಿಗೆ ಮಾಡುವುದು. ಸ್ಥಳೀಯ ಸಮಿತಿಯ ಮತ್ತು ನೋಡಲ್ ಅಧಿಕಾರಿಯ ಹೆಸರು, ಫೋನ್ ಸಂಖ್ಯೆಗಳನ್ನು ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಜೀಪು ನಿಲ್ಲುವ ಕಡೆ ಬರೆಸಿ, ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರ ಬಾಯಲ್ಲಿ ಎರವ, ಹಿಂದಿಗಳಲ್ಲಿ ಹೇಳಿಸುವುದು. ತೋಟಕ್ಕೆ ಸಂಬಂಧವಿಲ್ಲದ ಅನುವಾದಕಿಯರ ಪಟ್ಟಿಯೊಂದನ್ನು ಪಂಚಾಯಿತಿಯೂ ಠಾಣೆಯೂ ಇಟ್ಟುಕೊಳ್ಳುವುದು.

ಮಕ್ಕಳದು ಇನ್ನೂ ತುರ್ತಿನದು. ಕುಯಿಲಿನ ದಿನಗಳಲ್ಲಿ ಅಂಗನವಾಡಿ ಬಾಗಿಲು ಹಾಕಿದ ಮೇಲೂ ತಾಯಿ ತೂಕದ ಸಾಲಿನಲ್ಲಿ ನಿಂತಿರುತ್ತಾಳೆ. ಆ ಹೊತ್ತಿನಲ್ಲಿ ಲೈನಿನಲ್ಲಿ ಉಳಿಯುವುದು ಎಳೆಯರು ಮತ್ತು ಎಳೆಯರನ್ನು ನೋಡಿಕೊಳ್ಳಲು ಶಾಲೆ ತಪ್ಪಿಸಿದ ಹನ್ನೊಂದು ಹನ್ನೆರಡರ ಹುಡುಗಿ. ತೋಟಗಳಲ್ಲಿ ಶಿಶುವಿಹಾರ ಇರಬೇಕೆಂಬ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ನಿಯಮ 50 ಹೆಂಗಸರು ಇಲ್ಲವೇ ಅವರ 20 ಮಕ್ಕಳಿದ್ದ ದೊಡ್ಡ ತೋಟಗಳಿಗಷ್ಟೇ ಇತ್ತು. ಸಣ್ಣ ತೋಟದ ಮಕ್ಕಳು ಅದರ ಹೊರಗೇ ಉಳಿದರು. ಸರ್ಕಾರದ ‘ಕೂಸಿನ ಮನೆ’ ಶಿಶುಪಾಲನಾ ಯೋಜನೆಯನ್ನು ಪಂಚಾಯಿತಿ ಕುಯಿಲಿನ ಹೊತ್ತಿಗೆ ಹೊಂದಿಸಿ ಸಂಜೆಯವರೆಗೆ ನಡೆಸಿದರೆ, ದೊಡ್ಡ ಹುಡುಗಿ ಶಾಲೆಗೆ ಹೋಗುತ್ತಾಳೆ. ಜಿಲ್ಲೆಯ ಜಾಣ ಮಕ್ಕಳು ಓದುವ ನವೋದಯ ವಿದ್ಯಾಲಯ ನಮ್ಮೂರಿನಲ್ಲೇ ಇದೆ. ಅದರ ಗೇಟಿನವರೆಗೂ ಲೈನಿನ ಹುಡುಗಿ ತಲುಪುವ ಹಾಗಾದರೆ ಅವಳ ಮೇಲಿನ ಹಿಡಿತಗಳಲ್ಲಿ ಹಲವು ತಾವಾಗಿ ಸಡಿಲವಾಗುತ್ತವೆ.

ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ನಾನು ಗೆದ್ದದ್ದೂ ಆ ಬಲದಿಂದಲೇ. ಆದರೆ ಗ್ರಾಮಸಭೆ ನಡೆಯುವುದು ಕೆಲಸದ ದಿನ, ಹಗಲು ಹೊತ್ತು. ಬರುವವರು ಪಹಣಿ ಇರುವವರು. ಈ ಸಲ ಕುಯಿಲು ಶುರುವಾಗುವ ಮೊದಲು ಲೈನ್‌ಮನೆಯ ಹೆಂಗಸರಿಗಾಗಿಯೇ ಒಂದು ಮಹಿಳಾ ಗ್ರಾಮಸಭೆ ಕರೆಯಬೇಕು. ಅವರು ಏನು ಬೇಕೆಂದು ಹೇಳುತ್ತಾರೋ ಅದು ನಿರ್ಣಯದ ಪುಸ್ತಕದಲ್ಲಿ ದಾಖಲಾಗಬೇಕು. ಮೇಲೆ ನಾನು ಬರೆದ ಪಟ್ಟಿಯಲ್ಲಿ ಅವರಿಗೆ ಬೇಡದ್ದಿದ್ದರೆ ಹೊಡೆದು ಹಾಕಲಿ. ಎಬ್ಬಿಸುವುದಿಲ್ಲವೆಂಬ ಬರಹಕ್ಕೆ ಮೊದಲ ಸಹಿ ನನ್ನದು. ಅವರನ್ನು ಸಭೆಗೆ ಕರೆತರುವ ಜೀಪಿನ ಬಾಡಿಗೆಯನ್ನೂ ಕೊಡುತ್ತೇನೆ. ಆ ದಿನದ ಕೂಲಿ ಕಡಿಯದೆ, ಜೊತೆಗೆ ರೈಟರನ್ನು ಕಳಿಸದೆ, ಅವರನ್ನಷ್ಟೇ ಕಳುಹಿಸಿಕೊಡುವ ಕೆಲಸ ಉಳಿದ ಬೆಳೆಗಾರರದು.